ಎಡ ಮೂಲೆಯಲ್ಲಿ ಕೂತಿದ್ದವನು

ಆಫೀಸಿನಲ್ಲಿ ಅವನನ್ನು ಎಲ್ಲರೂ ದಶಾಂಶ ಎಂದೇ ಕರೆಯುತ್ತಿದ್ದರು. ಸುಮಾರು, ಹೆಚ್ಚುಕಡಿಮೆ, ಅಂದಾಜು ಎನ್ನುವ ಮಾತುಗಳು ಅವನ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಊಟದ ಡಬ್ಬಿ ಬಿಸಿಯಾಗಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೂ ಒಂದು ಪಾಯಿಂಟ್ ಏಳು ಐದು ನಿಮಿಷ ಎನ್ನುವ ಆಸಾಮಿ. ಇಪ್ಪತ್ತೊಂದು ವರ್ಷದಿಂದ ಅವನದು ಒಂದೇ ಕೆಲಸ, ಮೊಬೈಲ್ ಫೋನಿನ ಕ್ಯಾಮೆರಾಕ್ಕೆ ಲೆನ್ಸ್ ವಿನ್ಯಾಸ ಮಾಡುವುದು. ಅಂಗಿಯ ಗುಂಡಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಮಸೂರಗಳನ್ನು ಒಂದರ ಹಿಂದೊಂದು ಆರೋ ಏಳೋ ಜೋಡಿಸಿ, ಕಿರುಬೆರಳ ಉಗುರಿನಷ್ಟು ಜಾಗದೊಳಗೆ ಇಡೀ ಬೀದಿಯನ್ನು ಹಿಡಿಸಬೇಕು. ಆ ಮಸೂರಗಳ ಮೈ ಬಟ್ಟಲಿನಂತೆ ಸಲೀಸಾಗಿರುವುದಿಲ್ಲ. ನಡುವೆ ಉಬ್ಬಿ, ಅಂಚಿಗೆ ಬರುವಷ್ಟರಲ್ಲಿ ತಗ್ಗಿ, ಮತ್ತೆ ಟೋಪಿಯ ಅಂಚಿನಂತೆ ಮೇಲೇಳುತ್ತದೆ. ಆ ಏರಿಳಿತದಲ್ಲಿ ಕೂದಲೆಳೆಯ ಐವತ್ತರಲ್ಲೊಂದು ಪಾಲು ತಪ್ಪಿದರೂ ಚಿತ್ರ ಮಂಜಾಗುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದಾಗ ಅವಳು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಕಣ್ಣಿಗೆ ಕಾಣದೇ ಇರೋದನ್ನ ದಿನವಿಡೀ ಅಳೀತೀರಿ ಅನ್ನಿ" ಎಂದಿದ್ದಳು.

ಹೆಂಡತಿ ಹಲ್ಲಿನ ವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಒಬ್ಬನೇ ತಮ್ಮ, ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಹುಟ್ಟಿದಾಗ ದುಂಡಗಿದ್ದನಂತೆ, ಅದಕ್ಕೆ ಗುಂಡ ಎಂಬ ಹೆಸರು ಅಂಟಿಕೊಂಡಿತ್ತು. ಈಗ ಮೂವತ್ತಾರರಲ್ಲಿ ಗಾಳಿ ಬೀಸಿದರೆ ಹಾರಿಹೋಗುವಂತಿದ್ದರೂ ಹೆಸರು ಮಾತ್ರ ಗುಂಡನೇ. ಲಿಫ್ಟ್ ರಿಪೇರಿ ಅವನ ಕಸುಬು. ಎರಡು ಬೀದಿ ಆಚೆ, ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ತಾಯಿಯ ಜೊತೆ ಇದ್ದ. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಊರಿಗೆಲ್ಲ ಲಿಫ್ಟ್ ಮಾಡಿಕೊಡ್ತಾನೆ, ನನ್ನ ಮಂಡಿ ಮಾತ್ರ ಮೆಟ್ಟಿಲಿಗೇ ಸವೆದುಹೋಗಬೇಕು ಎಂದು ತಾಯಿ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು, ಅವನು ನಗುತ್ತಿದ್ದ. ಮಾತು ಕಡಿಮೆ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದರೆ ಭಾವನ ಮೇಜಿನ ಮೇಲಿದ್ದ ಮಾದರಿ ಲೆನ್ಸುಗಳನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಹಾಗೆ ನೋಡುವಾಗ ಏನು ಯೋಚಿಸುತ್ತಿದ್ದ ಎಂದು ದಶಾಂಶನೂ ಕೇಳಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಗುಂಡ ಹನ್ನೊಂದು ಮಹಡಿಯ ಕಟ್ಟಡವೊಂದಕ್ಕೆ ಕೆಲಸಕ್ಕೆ ಹೋದ. ಹತ್ತು ನಲವತ್ತಕ್ಕೆ ಕೆಳಗಿಳಿದು ಬಂದು, ನೀರು ಕುಡಿದು ಬರ್ತೀನಿ ಎಂದು ಬಾಗಿಲಲ್ಲಿದ್ದವನಿಗೆ ಹೇಳಿ ಹೊರಗೆ ಹೋದವನು ತಿರುಗಿ ಬರಲಿಲ್ಲ. ಸಂಜೆ ಮೇಲೆ ಹೋಗಿ ನೋಡಿದರೆ ಮೋಟಾರು ಕೋಣೆಯಲ್ಲಿ ಅವನ ಚೀಲ ಇತ್ತು. ಸ್ಪ್ಯಾನರುಗಳನ್ನೆಲ್ಲ ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟಿದ್ದ. ಫೋನು ಆಫ್ ಮಾಡಿ ಅದರಲ್ಲೇ ಇಟ್ಟಿದ್ದ. ಲಿಫ್ಟು ರಿಪೇರಿಯಾಗಿತ್ತು, ಚೆನ್ನಾಗಿ ಓಡುತ್ತಿತ್ತು.

ಜಗಳ ಇಲ್ಲ, ಚೀಟಿ ಇಲ್ಲ, ಯಾರ ಮೇಲೂ ದೂರಿಲ್ಲ. ಅವನ ಕೋಣೆಯಲ್ಲಿ ಒಂದು ಜೊತೆ ಬಟ್ಟೆಯೂ ಕಡಿಮೆಯಾಗಿರಲಿಲ್ಲ. ಠಾಣೆಯ ಅಧಿಕಾರಿ ಒಳ್ಳೆಯವನೇ, ಕೂರಿಸಿ ಎಲ್ಲವನ್ನೂ ಬರೆದುಕೊಂಡ. ಆದರೆ ಗಂಡಸು, ಪ್ರಾಯದವನು, ತಾನಾಗಿ ನಡೆದುಕೊಂಡು ಹೋಗಿದ್ದಾನೆ, ಹೀಗೆ ಹೋದವರಲ್ಲಿ ಹೆಚ್ಚಿನವರು ತಾವಾಗಿಯೇ ಬರುತ್ತಾರೆ, ಕಾಯಿರಿ ಎಂದ. ಹೆಂಡತಿ ಕಾಯುವವಳಲ್ಲ. ತಮ್ಮನ ಫೋಟೋ ಹಾಕಿ, ಗುರುತು ಬರೆದು, ತನ್ನ ನಂಬರು ಕೊಟ್ಟು, ಕಂಡಕಂಡ ಗುಂಪಿಗೆಲ್ಲ ಕಳಿಸಿದಳು. ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂತ ರೋಗಿಗಳಿಗೂ ತೋರಿಸಿದಳು. ಬಂದ ಕರೆಗಳಲ್ಲಿ ಅರ್ಧ ಕುಚೋದ್ಯದವು, ಉಳಿದ ಅರ್ಧ ಕನಿಕರದವು.

ಹತ್ತೊಂಬತ್ತನೇ ದಿನ ಒಂದು ಸಂದೇಶ ಬಂತು. ರೈಲಿನಲ್ಲಿ ಆರು ಗಂಟೆ ದೂರದ ಊರೊಂದರ ಶಾಲೆಯ ಟೀಚರ್ ಕಳಿಸಿದ್ದು. ಹತ್ತು ದಿನದ ಹಿಂದೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೊರಟಾಗ ತಮ್ಮೂರ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಗುಂಪು ಫೋಟೋ ತೆಗೆದಿದ್ದೆ, ಅದರಲ್ಲಿ ಹಿಂದೆ ಎಡ ಮೂಲೆಯಲ್ಲಿ ಕೂತಿರುವ ವ್ಯಕ್ತಿ ನಿಮ್ಮವರ ಹಾಗೆ ಕಾಣುತ್ತಾರೆ, ತಪ್ಪಿದ್ದರೆ ಕ್ಷಮಿಸಿ ಎಂದು ಬರೆದಿದ್ದರು.

ಆ ಹೊತ್ತಿಗೆ ಮೂವರೂ ದಶಾಂಶನ ಮನೆಯಲ್ಲೇ ಇದ್ದರು. ಒಬ್ಬಳೇ ಇರುವುದು ಬೇಡವೆಂದು ಅತ್ತೆಯನ್ನು ಕರೆತಂದು ಎರಡು ವಾರವಾಗಿತ್ತು. ಫೋಟೋದ ನಡುವೆ ಮೂವತ್ತೊಂದು ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಅವರ ಹಲ್ಲು ಎಣಿಸಬಹುದಿತ್ತು. ಅಷ್ಟು ಸ್ಪಷ್ಟ. ದೂರದಲ್ಲಿ, ಎಡಗಡೆ ಮೇಲಿನ ಮೂಲೆಯಲ್ಲಿ, ನೀರಿನ ನಲ್ಲಿಯ ಪಕ್ಕದ ಬೆಂಚಿನ ಮೇಲೆ ಒಬ್ಬ ಗಂಡಸು ಕತ್ತು ಬಗ್ಗಿಸಿ ಕೂತಿದ್ದ. ಮಾಸಲು ನೀಲಿ ಅಂಗಿ. ಹೆಂಡತಿ ಬೆರಳಿನಿಂದ ಎಳೆದು ದೊಡ್ಡದು ಮಾಡಿದಳು. ಮುಖ ಬಂತು. ಎರಡು ಕಣ್ಣು, ನೀಟಾದ ಮೂಗು, ಬಿಗಿದ ತುಟಿ.

"ಗುಂಡನೇ" ಎಂದಳು ಅವಳು.

ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಅಲ್ಲ ಎಂದಳು. ಹೆಂಡತಿ ಹುಬ್ಬು ತೋರಿಸಿದಳು, ತಾಯಿ ಕಿವಿ ತೋರಿಸಿದಳು. ತಾಯಿ ಮಗಳು ಹಾಗೆ ಹಟಕ್ಕೆ ಬಿದ್ದದ್ದನ್ನು ದಶಾಂಶ ನೋಡಿರಲಿಲ್ಲ. ಕೊನೆಗೆ ಇಬ್ಬರೂ ಅವನ ಕಡೆ ತಿರುಗಿದರು. ಹೆಂಡತಿ ಫೋನನ್ನು ಅವನ ಕೈಗಿಟ್ಟು, "ನೀವು ಹೇಳಿ. ಇದು ನಿಮ್ಮ ಕೆಲಸ ತಾನೇ" ಎಂದಳು.

ಮುಖದ ಬದಲು ಅವನು ಮೂಲೆಯನ್ನು ನೋಡುತ್ತಿದ್ದ. ಬೆಂಚಿನ ಪಟ್ಟಿಗಳು ಅಂಚಿಗೆ ಹೋದಂತೆ ಒಂದು ರೀತಿಯಲ್ಲಿ ಮೆದುವಾಗಿ ಆಚೆಗೆ ಹರಡಿಕೊಂಡಿದ್ದವು. ಆ ಹರಡುವಿಕೆ ಅವನಿಗೆ ತನ್ನ ಕೈಬರಹದಷ್ಟು ಪರಿಚಿತ. ಯಾವ ಫೋನಿನಲ್ಲಿ ತೆಗೆದದ್ದು ಎಂದು ಹೆಂಡತಿಯಿಂದ ಟೀಚರನ್ನು ಕೇಳಿಸಿದ. ಹೋದ ವರ್ಷ ಬಂದ, ಬೆನ್ನು ಚಪ್ಪಟೆ ಇರುವ ಮಾದರಿ ಎಂದು ಉತ್ತರ ಬಂತು. ಅದು ಅವನದೇ ಲೆನ್ಸು.

ಆ ಲೆನ್ಸಿನ ಕಥೆ ಎರಡು ವರ್ಷ ಹಳೆಯದು. ಫೋನು ಮಾಡುವ ಕಂಪನಿಯವರಿಗೆ ಹತ್ತು ಕೋಟಿ ಚುಕ್ಕಿಗಳ, ಅಂದರೆ ಪಿಕ್ಸೆಲ್ಲುಗಳ, ಕ್ಯಾಮೆರಾ ಬೇಕಿತ್ತು, ಆದರೆ ಫೋನಿನ ಬೆನ್ನ ಮೇಲೆ ಲೆನ್ಸಿನ ಗೂನು ಬೇಡವಾಗಿತ್ತು. ದಶಾಂಶ ಏಳು ಮಸೂರಗಳ ಒಂದು ವಿನ್ಯಾಸ ಮಾಡಿಟ್ಟಿದ್ದ. ನಡುವಿನಿಂದ ಮೂಲೆಯವರೆಗೆ ಗೆರೆಗೆರೆ ಬಿಡಿಸಿ ತೋರಿಸುವಂಥದ್ದು, ತನ್ನ ಜೀವಮಾನದಲ್ಲಿ ಮಾಡಿದ್ದರಲ್ಲೇ ಒಳ್ಳೆಯದು ಎಂದು ಅವನಿಗೇ ಅನಿಸಿತ್ತು. ಎತ್ತರ ಆರು ಪಾಯಿಂಟ್ ಒಂದು ಮಿಲಿಮೀಟರ್. ಕಂಪನಿಯಿಂದ ಬಂದ ಅಧಿಕಾರಿ ಐದು ಪಾಯಿಂಟ್ ಏಳಕ್ಕೆ ಇಳಿಸಿ ಎಂದ. ಆತ ಹಾಕಿದ್ದ ಕನ್ನಡಕದ ಗಾಜೇ ಅದಕ್ಕಿಂತ ದಪ್ಪ ಇತ್ತು ಎಂದು ಆಮೇಲೆ ಆಫೀಸಿನಲ್ಲಿ ನಗೆಯಾಡಿದರು. ಆ ಪಾಯಿಂಟ್ ನಾಲ್ಕು ಇಳಿಸಬೇಕಾದರೆ ಒಂದು ಮಸೂರ ಹೋಗಬೇಕು. ಮಸೂರ ಹೋದರೆ ಮೂಲೆ ಹೋಗುತ್ತದೆ, ಅಲ್ಲಿ ಬೆಳಕಿನ ಬಿಂದು ಬಿಂದುವಾಗಿ ಉಳಿಯದೆ ಒದ್ದೆ ಸಾಬೂನಿನಂತೆ ಹರಡುತ್ತದೆ. ದಶಾಂಶ ಅದನ್ನೆಲ್ಲ ಅಂಕಿಗಳಲ್ಲಿ ತೋರಿಸಿದ.

ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡ. "ಮೂಲೇಲಿ ಏನಿರುತ್ತೆ ಹೇಳಿ. ಆಕಾಶ, ಗೋಡೆ, ಮರದ ಎಲೆ. ಜನ ಮಧ್ಯದಲ್ಲಿ ನಿಲ್ತಾರೆ. ಉಳಿದದ್ದನ್ನ ನಮ್ಮ ಸಾಫ್ಟ್‌ವೇರ್ ತುಂಬಿಕೊಳ್ಳುತ್ತೆ."

ದಶಾಂಶ ಮೂರು ವಾರ ವಾದ ಮಾಡಿದ. ನಾಲ್ಕನೇ ವಾರ ಆರು ಮಸೂರಗಳ ವಿನ್ಯಾಸಕ್ಕೆ ಕೂತ. ಕೂತ ಮೇಲೆ ಅದರಲ್ಲೇ ಮುಳುಗಿಹೋದ, ಆ ಎತ್ತರಕ್ಕೆ ಅದಕ್ಕಿಂತ ಚೆನ್ನಾಗಿ ಯಾರೂ ಮಾಡಲಾರರು ಎನ್ನುವಂತೆ ಮಾಡಿದ, ಕೊನೆಯ ಹಾಳೆಗೆ ತಾನೇ ಸಹಿ ಹಾಕಿದ. ವರ್ಷದ ಕೊನೆಗೆ ಆಫೀಸಿನಲ್ಲಿ ಅವನಿಗೊಂದು ಗಾಜಿನ ಫಲಕವನ್ನೂ ಕೊಟ್ಟಿದ್ದರು.

ಈಗ ಅವನು ಫೋನನ್ನು ಮೇಜಿನ ಮೇಲಿಟ್ಟ. ಒಂದೆರಡು ದಿನ ಕೊಡು, ಆಫೀಸಿನಲ್ಲಿ ಸರಿಯಾಗಿ ನೋಡಿ ಹೇಳ್ತೀನಿ ಎಂದು ಹೆಂಡತಿಗೆ ಹೇಳಿದ. ಅವಳು ಒಪ್ಪಿದಳು. ಅವನು ನೋಡಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ ಅವಳ ಮುಖದಲ್ಲಿತ್ತು. ಅದನ್ನು ನೋಡಿ ಅವನಿಗೆ ಭಯವಾಯಿತು.

ಮೊದಲು ಟೀಚರಿಗೆ ಫೋನು ಮಾಡಿದ. ಸಾಫ್ಟ್‌ವೇರ್ ತಿದ್ದುವ ಮುಂಚಿನ ಮೂಲ ಚಿತ್ರ ಸಿಗಬಹುದೇ ಎಂದು ವಿಚಾರಿಸಿದ. ಅವರು ಪಾಪ, ಫೋನನ್ನೆಲ್ಲ ತಡಕಾಡಿದರು. ಆದರೆ ಆ ಮಾದರಿ ಮೂಲವನ್ನು ಇಟ್ಟುಕೊಳ್ಳುವುದೇ ಇಲ್ಲ. ತೆಗೆದ ಅರೆಕ್ಷಣದಲ್ಲಿ ತಿದ್ದಿ, ತಿದ್ದಿದ್ದನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಆಫೀಸಿನಲ್ಲಿ ಚಿತ್ರ ತಿದ್ದುವ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಳು. ಫೋಟೋಗಳ ಸುಕ್ಕು ತೆಗೆಯುತ್ತಾಳೆಂದು ಅವಳಿಗೆ ಇಸ್ತ್ರಿ ಎಂದು ಅಡ್ಡಹೆಸರು. ಮೊದಲು ಆ ಫೋನಿನ ಕಂಪನಿಯಲ್ಲೇ ಕೆಲಸ ಮಾಡಿದ್ದವಳು. ದಶಾಂಶ ಅವಳ ಮೇಜಿನ ಮೇಲೆ ಫೋಟೋ ಇಟ್ಟು ವಿಷಯ ಹೇಳಿದ. ಅವಳು ಮೂಲೆಯನ್ನು ದೊಡ್ಡದು ಮಾಡಿ ನೋಡಿದಳು.

"ಸರ್, ಅಲ್ಲೊಂದು ಮುಖ ಇತ್ತು, ಅಷ್ಟು ನಿಜ" ಎಂದಳು. "ಯಾವ ಮುಖ ಅನ್ನೋದು ಸಾಫ್ಟ್‌ವೇರ್‌ಗೆ ಗೊತ್ತಿರಲ್ಲ. ಲಕ್ಷಾಂತರ ಮುಖ ನೋಡಿರುತ್ತಲ್ಲ, ಅದರಲ್ಲಿ ಹೊಂದುವಂಥದ್ದೊಂದನ್ನ ಕೂರಿಸುತ್ತೆ."

ಲೆಕ್ಕ ದಶಾಂಶನಿಗೂ ಗೊತ್ತಿತ್ತು. ಬೆಂಚಿನ ಅಳತೆಯಿಂದ ಲೆಕ್ಕ ಹಾಕಿದರೆ ಅದು ಮೂವತ್ತು ಮೀಟರ್ ದೂರ. ಅಷ್ಟು ದೂರದ ಮುಖಕ್ಕೆ ಚಿತ್ರ ಹಿಡಿಯುವ ಸೆನ್ಸರಿನಲ್ಲಿ ಸಿಗುವುದು ಮೂವತ್ತಾರು ಚುಕ್ಕಿಗಳ ಅಗಲ. ಮೂಲೆಯಲ್ಲಿ ಒಂದೊಂದು ಬೆಳಕಿನ ಬಿಂದುವೂ ಎಂಟು ಚುಕ್ಕಿಯಷ್ಟು ಹರಡುತ್ತದೆ. ಹಾಗಾದರೆ ಮುಖವೆಂದು ಅಲ್ಲಿದ್ದದ್ದು ನಾಲ್ಕೂವರೆ ಕಲೆ. ನಾಲ್ಕೂವರೆ ಕಲೆಯೊಳಗೆ ಒಬ್ಬ ಮನುಷ್ಯ.

ಆದರೂ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಅದೇ ಮಾದರಿಯ ಫೋನೊಂದನ್ನು ಪ್ರಯೋಗಶಾಲೆಯಿಂದ ತಂದು, ಮಧ್ಯಾಹ್ನದ ಬಿಸಿಲಿನಲ್ಲಿ ಆಫೀಸಿನ ವಾಹನಗಳು ನಿಲ್ಲುವ ಅಂಗಳದಲ್ಲಿ ಅಳತೆಪಟ್ಟಿ ಹಿಡಿದು ಮೂವತ್ತು ಮೀಟರ್ ಗುರುತು ಮಾಡಿದ. ಗೇಟಿನ ಕಾವಲುಗಾರನನ್ನು ಕರೆದು ಕುರ್ಚಿಯ ಮೇಲೆ ಕತ್ತು ಬಗ್ಗಿಸಿ ಕೂರಿಸಿದ, ಅವನು ಎಡ ಮೂಲೆಗೆ ಬರುವಂತೆ ಫೋಟೋ ತೆಗೆದ. ಹತ್ತು ಸಲ ತೆಗೆದ. ಕಾವಲುಗಾರನಿಗೆ ಅರವತ್ತು ದಾಟಿತ್ತು, ಮೂಗು ಒಮ್ಮೆ ಮುರಿದು ಸೊಟ್ಟಗಾಗಿತ್ತು. ಹತ್ತೂ ಫೋಟೋಗಳಲ್ಲಿ ನಲವತ್ತರ ಆಸುಪಾಸಿನ, ನೇರ ಮೂಗಿನ ಯಾರೋ ಒಬ್ಬ ಕೂತಿದ್ದ. ದಶಾಂಶ ಅದನ್ನು ತೋರಿಸಿದಾಗ ಕಾವಲುಗಾರ ಕಣ್ಣರಳಿಸಿ, "ಇದು ನಾನಲ್ಲ ಬಿಡಿ. ನನ್ನ ಷಡ್ಡಕ ಇದ್ದ ಹಾಗಿದ್ದಾನೆ. ಆದ್ರೂ ಚೆನ್ನಾಗಿ ಬಂದಿದೆ, ಒಂದು ನನಗೆ ಕಳಿಸಿ" ಎಂದು ನಕ್ಕ. ದಶಾಂಶ ಕಳಿಸಿದ.

ಅವತ್ತು ಸಂಜೆ ಅವನು ಇನ್ನೊಂದು ಕೆಲಸ ಮಾಡಿದ. ಮಾಡಬಾರದಿತ್ತು. ಕಂಪ್ಯೂಟರಿನಲ್ಲಿ ಹಳೆಯ ಏಳು ಮಸೂರಗಳ ವಿನ್ಯಾಸ ತೆರೆದು, ಗುಂಡನ ಒಂದು ಫೋಟೋವನ್ನು ಮೂವತ್ತು ಮೀಟರ್ ದೂರದಲ್ಲಿ, ಎಡ ಮೂಲೆಯಲ್ಲಿ ಇಟ್ಟಂತೆ ಲೆಕ್ಕ ಮಾಡಿಸಿ, ಆ ಲೆನ್ಸಿನ ಮೂಲಕ ನೋಡಿದರೆ ಹೇಗೆ ಕಾಣುತ್ತಿತ್ತು ಎಂದು ತೆಗೆಸಿದ. ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಒರಟಾಗಿತ್ತು. ಆದರೆ ಹಣೆಯ ಇಳಿಜಾರು, ಎಡಗಡೆಗೆ ಸ್ವಲ್ಪ ಎಳೆದಂತಿರುವ ಬಾಯಿ, ಮುಂದಕ್ಕೆ ಬಾಗಿದ ಕಿವಿ ಎಲ್ಲ ಇದ್ದವು. ಪರಿಚಯದವರು ಯಾರೇ ನೋಡಿದರೂ ಗುಂಡ ಎನ್ನುತ್ತಿದ್ದರು. ಅಲ್ಲದಿದ್ದರೆ ಅಲ್ಲ ಎನ್ನುತ್ತಿದ್ದರು. ಅವನು ಪರದೆ ಆರಿಸಿ, ಕೈ ತೊಳೆಯುವ ಕೋಣೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಇದನ್ನು ಮನೆಯಲ್ಲಿ ಹೇಳಲಿಲ್ಲ.

ಮನೆಯಲ್ಲಿ ಉಳಿದದ್ದನ್ನು ಹೇಳಿದ. ಕಾವಲುಗಾರನ ಫೋಟೋಗಳನ್ನು ತೋರಿಸಿದ, ಲೆಕ್ಕ ವಿವರಿಸಿದ. ಆ ಮುಖವನ್ನು ನಂಬುವ ಹಾಗಿಲ್ಲ, ಅವನಿರಬಹುದು, ಇಲ್ಲದಿರಬಹುದು ಎಂದ. ಹೆಂಡತಿ ಊಟದ ಮೇಜು ಒರೆಸುತ್ತಿದ್ದವಳು ಬಟ್ಟೆಯನ್ನು ಅಲ್ಲೇ ಬಿಟ್ಟಳು.

"ಇಷ್ಟು ವರ್ಷ ಎಲ್ಲದಕ್ಕೂ ಮೂರು ಅಂಕಿ ಹೇಳಿದ್ರಿ" ಎಂದಳು. ದನಿ ಏರಿರಲಿಲ್ಲ. "ನಾನು ಕೇಳ್ತಿರೋದು ಒಂದೇ ಮಾತು. ಹೌದೋ, ಅಲ್ವೋ."

"ಗೊತ್ತಾಗಲ್ಲ."

"ನಿಮಗೆ ಗೊತ್ತಾಗದೇ ಇದ್ರೆ ಮತ್ಯಾರಿಗೆ ಗೊತ್ತಾಗುತ್ತೆ? ನೀವೇ ಮಾಡಿದ್ದಲ್ವಾ ಅದು?"

"ನಾನೇ ಮಾಡಿದ್ದು. ಅದಕ್ಕೇ ಹೇಳ್ತಿದೀನಿ, ಗೊತ್ತಾಗಲ್ಲ."

ಅವಳು ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಿನದೇನೋ ಇತ್ತು. ಅತ್ತೆ ಮೂಲೆಯ ಕುರ್ಚಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. ಮಗಳ ಕಡೆ ನೋಡದೆ ಹೇಳಿದಳು: "ಅವರನ್ನ ಯಾಕೆ ಅಂತೀಯ. ಹೆತ್ತವಳು ನಾನು, ನನಗೇ ಗೊತ್ತಾಗ್ಲಿಲ್ಲ. ಸುಮ್ನೆ ಅಲ್ಲ ಅಂದೆ. ಅಷ್ಟು ಕುಗ್ಗಿ ಕೂತಿದ್ದಾನಲ್ಲ ಆ ಮನುಷ್ಯ, ಅದು ನನ್ನ ಮಗ ಆಗೋದು ಬೇಡ ಅನ್ನಿಸ್ತು."

ಹೋಗಿ ನೋಡಿಬಿಡೋಣ ಎಂದು ಮರುದಿನ ಬೆಳಿಗ್ಗೆ ಹೆಂಡತಿಯೇ ಎರಡು ಟಿಕೆಟ್ ತೆಗೆಸಿದಳು.

ಆ ಊರಿನ ನಿಲ್ದಾಣ ಚಿಕ್ಕದು. ಎರಡು ಪ್ಲಾಟ್‌ಫಾರಂ, ನಡುವೆ ಮೇಲ್ಸೇತುವೆ, ಒಂದು ಚಹಾದ ಅಂಗಡಿ, ಒಂದು ಪಾರ್ಸಲ್ ಕೋಣೆ. ಟೀಚರ್ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ತಾವು ನಿಂತು ಫೋಟೋ ತೆಗೆದ ಜಾಗವನ್ನು ತೋರಿಸಿದರು, ಏನೋ ತಪ್ಪು ಮಾಡಿದವರಂತೆ ಮತ್ತೆ ಮತ್ತೆ ಕ್ಷಮೆ ಕೇಳಿದರು. ದಶಾಂಶ ಅಲ್ಲಿಂದ ಬೆಂಚಿನವರೆಗೆ ಹೆಜ್ಜೆ ಹಾಕಿದ. ಮೂವತ್ತೊಂದು ಮೀಟರ್ ಇರಬಹುದು. ಬೆಂಚಿನ ಒಂದು ಪಟ್ಟಿ ಕಿತ್ತುಹೋಗಿತ್ತು. ನಲ್ಲಿಯಿಂದ ನೀರು ತೊಟ್ಟಿಕ್ಕಿ ಕೆಳಗೆ ಪಾಚಿ ಕಟ್ಟಿತ್ತು. ಹೆಂಡತಿ ಬೆಂಚಿನ ಮೇಲೆ ಫೋಟೋದವನು ಕೂತಿದ್ದ ತುದಿಯಲ್ಲೇ ಕೂತು ಅಂಗೈಯನ್ನು ಹಲಗೆಯ ಮೇಲಿಟ್ಟಳು.

ಚಹಾದವನಿಗೆ ನೆನಪಿರಲಿಲ್ಲ. ಟಿಕೆಟ್ ಕೊಡುವವನಿಗೆ ದಿನಕ್ಕೆ ಸಾವಿರ ಮುಖ. ಕಸ ಗುಡಿಸುವ ಹೆಂಗಸು ಮಾತ್ರ, ಅಲ್ಲಿ ಮಧ್ಯಾಹ್ನದ ಹೊತ್ತು ಒಬ್ಬ ಬಂದು ಕೂರುತ್ತಾನೆ, ನೀಲಿ ಅಂಗಿಯವನು, ಸುಮ್ಮನೆ ಕೂತು ಎದ್ದುಹೋಗುತ್ತಾನೆ ಎಂದಳು. ಹೆಂಡತಿ ಅವಳ ಕೈ ಹಿಡಿದುಕೊಂಡುಬಿಟ್ಟಳು. ಯಾವಾಗಿನಿಂದ, ಎಷ್ಟು ಎತ್ತರ, ಮಾತಾಡಿಸಿದ್ದೀರಾ ಎಂದು ಕೇಳಿದ್ದನ್ನೇ ಕೇಳಿದಳು. ಗುಡಿಸುವವಳಿಗೆ ಅದೆಲ್ಲ ಗೊತ್ತಿರಲಿಲ್ಲ. ನಾಳೆ ಬರಬಹುದು ಎಂದಳು.

ನಿಲ್ದಾಣದ ಎದುರಿನ ವಸತಿಗೃಹದಲ್ಲಿ ಉಳಿದುಕೊಂಡರು. ಮರುದಿನ ಬೆಳಿಗ್ಗೆಯಿಂದಲೇ ಇಬ್ಬರೂ ಎದುರಿನ ಪ್ಲಾಟ್‌ಫಾರಂ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ಹೆಂಡತಿ ಬಾಚಿಕೊಂಡು, ತಮ್ಮ ಕೊಡಿಸಿದ್ದ ಹಸಿರು ಬಟ್ಟೆ ಹಾಕಿಕೊಂಡಿದ್ದಳು. ಅವನು ಬಂದ ಕೂಡಲೇ ಬೈಯಬಾರದು, ಏನೂ ಕೇಳಬಾರದು, ಊಟ ಆಯ್ತಾ ಎಂದಷ್ಟೇ ಕೇಳಬೇಕು ಎಂದು ಗಂಡನಿಗೂ ಹೇಳಿಕೊಟ್ಟಿದ್ದಳು. ಎರಡೂಕಾಲಿಗೆ ನೀಲಿ ಅಂಗಿಯವನೊಬ್ಬ ನಲ್ಲಿಯ ಹತ್ತಿರ ಬಂದು ಮುಖ ತೊಳೆದುಕೊಂಡ. ಅವಳು ಎದ್ದು ಮೇಲ್ಸೇತುವೆಯ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದಳು. ದಶಾಂಶ ಹಿಂದೆಯೇ ಹೋದ. ಸೇತುವೆಯ ನಡುವೆ ತಲುಪುವಷ್ಟರಲ್ಲಿ ಅವನು ತಿರುಗಿದ. ಐವತ್ತು ದಾಟಿದ ಅಗಲ ಮುಖದ ಬೇರೆ ಯಾರೋ. ಅವಳ ಕಾಲು ಅಲ್ಲಿಗೇ ನಿಂತಿತು.

ಅವನು ಪಾರ್ಸಲ್ ಕೋಣೆಯಲ್ಲಿ ಮೂಟೆ ಹೊರುವವನು. ಊಟವಾದ ಮೇಲೆ ಅರ್ಧ ಗಂಟೆ ಇಲ್ಲಿ ಕೂರುವುದು ರೂಢಿಯಂತೆ. ದಶಾಂಶ ಫೋಟೋ ತೋರಿಸಿ, ತೆಗೆದ ದಿನ ಹೇಳಿದ. ಮೂಟೆಯವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದ.

"ನಾನೇ ಇರಬಹುದು. ಅಂಗಿ ಇಂಥದ್ದೇ" ಎಂದ. ಆಮೇಲೆ ತಲೆ ಆಡಿಸಿದ. "ಆದ್ರೆ ಮುಖ ನಂದಲ್ಲ. ಆ ವಾರ ಎರಡು ದಿನ ಜ್ವರ ಅಂತ ಬಂದಿರಲಿಲ್ಲ. ಯಾವ ಎರಡು ದಿನ ಅಂತ ಈಗ ಹೆಂಗೆ ಹೇಳ್ಲಿ."

ಪಾರ್ಸಲ್ ಕೋಣೆಯ ಹಾಜರಿ ಪುಸ್ತಕ ನೋಡಬಹುದೇ ಎಂದು ದಶಾಂಶ ಹೋಗಿ ಕೇಳಿದ. ದಿನಗೂಲಿಯವರಿಗೆ ಹಾಜರಿ ಬರೆಯುವುದಿಲ್ಲ ಎಂದರು. ಮೂಟೆಯವನು ಅವರಿಬ್ಬರ ಮುಖ ನೋಡಿ, ಯಾರು ಕಾಣೆಯಾಗಿದ್ದಾರೆ ಎಂದು ಕೇಳಿದ. ತಮ್ಮ ಎಂದಳು ಹೆಂಡತಿ. ಅವನು ಪಕ್ಕಕ್ಕೆ ಸರಿದು ಅವಳಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟ. ಮೂವರೂ ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದರು.

ವಾಪಸು ಬರುವಾಗ ಆರು ಗಂಟೆಯಲ್ಲಿ ಅವಳು ಆಡಿದ್ದು ಒಂದೇ ಮಾತು, ಅದು ಗುಂಡನೇ ಎಂದು. ದಶಾಂಶ ಹೂಂ ಎಂದ. ಹಾಗೆ ಅಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಮುಂದಿನ ತಿಂಗಳು ಆಫೀಸಿನಲ್ಲಿ ಹೊಸ ಕೆಲಸ ಬಂತು. ಮಡಿಚುವ ಫೋನು, ಲೆನ್ಸಿನ ಎತ್ತರ ಇನ್ನೂ ಕಡಿಮೆ, ಐದು ಪಾಯಿಂಟ್ ಒಂದು. ಬೇಡಿಕೆಗಳ ಪಟ್ಟಿಯಲ್ಲಿ ಹದಿನಾಲ್ಕು ಸಾಲುಗಳಿದ್ದವು, ಮೂಲೆಯ ಸ್ಪಷ್ಟತೆಯ ಸಾಲೇ ಇರಲಿಲ್ಲ. ದಶಾಂಶ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋದ. ನಿವೃತ್ತಿಗೆ ಎರಡು ವರ್ಷವಿದ್ದ ಹೆಂಗಸು, ಒಂದು ಕಾಲದಲ್ಲಿ ಅವನಿಗೆ ಈ ಕಸುಬಿನ ಓನಾಮ ಕಲಿಸಿದವಳು. ಅವಳ ಎದುರು ಏಳು ಮಸೂರಗಳಲ್ಲಿ ತೆಗೆಸಿದ ಗುಂಡನ ಚಿತ್ರ ಮತ್ತು ಟೀಚರಿನ ಫೋಟೋದ ಮೂಲೆ ಎರಡನ್ನೂ ಅಕ್ಕಪಕ್ಕ ಇಟ್ಟ. ಅವಳು ಕನ್ನಡಕ ತೆಗೆದು, ಹಾಕಿಕೊಂಡು, ಎರಡನ್ನೂ ನೋಡಿದಳು. ಅವಳ ಕಣ್ಣು ಒದ್ದೆಯಾಯಿತು.

"ಇದನ್ನ ಮನೇಲಿ ತೋರಿಸಿದೀರಾ?" ಎಂದಳು.

ಇಲ್ಲವೆಂದ.

"ತೋರಿಸ್ಬೇಡಿ." ಹಾಳೆಗಳನ್ನು ಬೋರಲು ಹಾಕಿ ಅವನ ಕಡೆ ಸರಿಸಿದಳು. "ಕಂಪನಿಯವರಿಗೆ ಪತ್ರ ಬರೀತೀನಿ. ಬರೆದ್ರೂ ಒಂದೇ, ಬಿಟ್ರೂ ಒಂದೇ, ನಿಮಗೂ ಗೊತ್ತು. ನಾವು ಆಗಲ್ಲ ಅಂದ್ರೆ ಇನ್ನೊಬ್ರು ಮಾಡಿಕೊಡ್ತಾರೆ. ನಿಮಗಿಂತ ಕೆಟ್ಟದಾಗಿ ಮಾಡಿಕೊಡ್ತಾರೆ."

ಅವಳು ಪತ್ರ ಬರೆದಳು. ಫೋನಿನ ಕಂಪನಿಯಿಂದ ಸೌಜನ್ಯದ ಉತ್ತರ ಬಂತು, ಸಾಫ್ಟ್‌ವೇರ್ ಈಗ ಮೊದಲಿಗಿಂತ ಎರಡು ಪಟ್ಟು ಸುಧಾರಿಸಿದೆ, ಮೂಲೆಯ ಮುಖಗಳು ಇನ್ನಷ್ಟು ಸ್ಪಷ್ಟವಾಗಿ ಬರುತ್ತವೆ ಎಂದು. ಇಸ್ತ್ರಿ ಅದನ್ನು ಓದಿ, ಮಡಿಚಿ ಅವನ ಮೇಜಿನ ಮೇಲಿಟ್ಟು ಹೋದಳು. ಕೆಲಸ ಬಿಟ್ಟುಬಿಡಬೇಕೆಂದು ದಶಾಂಶನಿಗೆ ಎರಡು ದಿನ ಅನಿಸಿತು. ಬಿಟ್ಟು ಏನು ಮಾಡುವುದು ಎಂದು ಮೂರನೇ ದಿನ ಅನಿಸಿತು. ನಾಲ್ಕನೇ ದಿನ ಐದು ಪಾಯಿಂಟ್ ಒಂದಕ್ಕೆ ಮೊದಲ ಮಸೂರದ ವಕ್ರರೇಖೆ ಎಳೆದ. ಯಾರೂ ಕೇಳದಿದ್ದರೂ ಮೂಲೆಗಾಗಿ ಏನಾದರೂ ಉಳಿಸಲು ಎರಡು ತಿಂಗಳು ಹೆಣಗಿದ. ಒಂದು ಚುಕ್ಕಿಯಷ್ಟು ಹರಡುವಿಕೆ ಕಡಿಮೆಯಾಯಿತು. ಅಚ್ಚು ಮಾಡುವವರು ಅಷ್ಟು ಸೂಕ್ಷ್ಮ ನಮ್ಮಿಂದ ಆಗುವುದಿಲ್ಲ ಎಂದು ಅದನ್ನೂ ವಾಪಸು ಕಳಿಸಿದರು.

ಅತ್ತೆ ತನ್ನ ಮನೆಗೆ ಮರಳಿದ್ದಳು. ಮಗ ಬಂದರೆ ಬೀಗ ಹಾಕಿರಬಾರದು ಎಂದು ಹಟ ಹಿಡಿದು ಹೋದಳು. ಹೆಂಡತಿ ತಿಂಗಳಿಗೊಮ್ಮೆ ಆ ನಿಲ್ದಾಣಕ್ಕೆ ಹೋಗಿಬರುತ್ತಿದ್ದಳು. ಮೂಟೆಯವನು ಈಗ ಅವಳನ್ನು ಅಕ್ಕ ಎನ್ನುತ್ತಿದ್ದ, ಹೊಸದಾಗಿ ಯಾರಾದರೂ ಬೆಂಚಿನಲ್ಲಿ ಕೂತರೆ ಫೋನು ಮಾಡಿ ತಿಳಿಸುತ್ತಿದ್ದ. ಮನೆಯಲ್ಲಿ ಗಂಡ ಹೆಂಡತಿ ಬೇಕಾದಷ್ಟೇ ಮಾತಾಡುತ್ತಿದ್ದರು. ಹಾಲು ಮುಗಿದಿದೆ, ಬಟ್ಟೆ ಒಣಗಿದೆ, ನಾಳೆ ನಾನು ಇರುವುದಿಲ್ಲ. ಅವಳು ಅವನ ಮೇಲೆ ರೇಗುವುದನ್ನೂ ಬಿಟ್ಟಿದ್ದಳು. ಅವನಿಗೆ ಅದೇ ಹೆಚ್ಚು ಕಷ್ಟವಾಗುತ್ತಿತ್ತು.

ಏಳು ತಿಂಗಳಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅತ್ತೆ ಮೂರು ಮಹಡಿ ಇಳಿದು, ಎರಡು ಬೀದಿ ನಡೆದು, ಚಪ್ಪಲಿ ಇಲ್ಲದೆ ಅವರ ಮನೆಗೆ ಬಂದಳು. ಗುಂಡ ಫೋನು ಮಾಡಿದ್ದ. ಮಗಳು ಅವಳನ್ನು ಕೂರಿಸಿ ನೀರು ಕೊಟ್ಟು ಏನೆಂದ ಎಂದು ಕೇಳಿದಾಗ ಅತ್ತೆ ಏದುಸಿರು ಬಿಡುತ್ತ, ಕಣ್ಣು ಮುಚ್ಚಿ, ನೆನಪು ಮಾಡಿಕೊಂಡು ಹೇಳಿದಳು. ಅಮ್ಮಾ ನಾನು ಎಂದ. ಚೆನ್ನಾಗಿದ್ದೀನಿ, ಕೆಲಸ ಇದೆ ಎಂದ. ಹುಡುಕಬೇಡಿ ಎಂದ. ಅಷ್ಟೇ. ಉಂಡೆಯಾ ಎಂದು ನಾನು ಕೇಳಿದೆ, ಹೂಂ ಎಂದ, ಲೈನು ಹೋಯಿತು.

ಹೆಂಡತಿ ತಾಯಿಯ ಫೋನಿನಲ್ಲಿದ್ದ ಆ ನಂಬರಿಗೆ ಕೂಡಲೇ ಕರೆ ಮಾಡಿದಳು. ಯಾವುದೋ ಊರಿನ ಒಂದು ಅಂಗಡಿ. ಅಂಗಡಿಯವನು, ಹೆದ್ದಾರಿ ಪಕ್ಕದ ಜಾಗ, ಬಸ್ಸು ನಿಂತಾಗ ನೂರಾರು ಜನ ಇಳಿಯುತ್ತಾರೆ, ಯಾರೋ ಕೇಳಿದರು ಫೋನು ಕೊಟ್ಟೆ, ಮುಖ ನೋಡಲಿಲ್ಲ ಎಂದ. ದಶಾಂಶ ಠಾಣೆಗೆ ಹೋಗಿ ತಿಳಿಸಿದ. ಬದುಕಿದ್ದಾನೆ, ತಾನಾಗಿ ಹೋಗಿದ್ದಾನೆ, ಹುಡುಕಬೇಡಿ ಅಂದಿದ್ದಾನೆ, ಇನ್ನು ನಮ್ಮ ಕೈಯಲ್ಲಿ ಏನಿದೆ ಎಂದು ಅಧಿಕಾರಿ ಕಡತ ಮುಚ್ಚಿದ. ಅವನು ಹೇಳಿದ್ದು ತಪ್ಪೂ ಆಗಿರಲಿಲ್ಲ.

ಆ ನಿಲ್ದಾಣದಲ್ಲಿ ಕೂತಿದ್ದೆಯಾ ಎಂದು ಕೇಳಬೇಕಿತ್ತು ಎಂದು ಹೆಂಡತಿ ತಾಯಿಯ ಮುಂದೆ ಒಂದೇ ಸಲ ಅಂದಳು. ಹೊಳೆಯಲಿಲ್ಲ ಕಣೇ ಎಂದು ಅತ್ತೆ ಅಳತೊಡಗಿದ ಮೇಲೆ ಮತ್ತೆ ಆ ಮಾತು ಎತ್ತಲಿಲ್ಲ. ತಿಂಗಳ ಪ್ರಯಾಣ ನಿಂತಿತು. ಮೂಟೆಯವನಿಗೆ ಫೋನು ಮಾಡಿ ವಿಷಯ ತಿಳಿಸಿದಳು, ಅವನು ಸಂತೋಷಪಟ್ಟ.

ಗುಂಡ ಮತ್ತೆ ಫೋನು ಮಾಡಲಿಲ್ಲ. ಭಾನುವಾರಗಳಂದು ಈಗ ಅತ್ತೆ ಊಟಕ್ಕೆ ಬರುತ್ತಾಳೆ. ಊಟವಾದ ಮೇಲೆ ಹೆಂಡತಿ, ಇನ್ನೊಂದು ಸಲ ಹೇಳಮ್ಮ, ಏನೆಂದ ಎನ್ನುತ್ತಾಳೆ. ಮೊದಲ ದಿನ ನಾಲ್ಕೇ ಮಾತಿದ್ದ ಆ ಕರೆ ವಾರದಿಂದ ವಾರಕ್ಕೆ ಬೆಳೆಯುತ್ತಿದೆ. ಅಕ್ಕ ಹೇಗಿದ್ದಾಳೆ ಎಂದು ಕೇಳಿದ, ಎನ್ನುತ್ತಾಳೆ ಅತ್ತೆ. ಆಮೇಲೆ ಭಾವನನ್ನೂ ಕೇಳಿದ. ನಿನ್ನ ಮಂಡಿ ಹೇಗಿದೆ ಎಂದ, ನಗುತ್ತಿದ್ದ, ಹಿಂದೆ ಯಾರೋ ಅವನನ್ನು ಕರೆಯುತ್ತಿದ್ದರು, ಒಳ್ಳೆ ಜನ ಇದ್ದ ಹಾಗಿತ್ತು. ಹೆಂಡತಿ ಮೊಣಕೈ ಊರಿ ಕಣ್ಣು ಮಿಟುಕಿಸದೆ ಕೇಳುತ್ತಾಳೆ, ಮತ್ತೆ ಏನಂದ ಎನ್ನುತ್ತಾಳೆ. ದಶಾಂಶ ಅವರ ಪಕ್ಕದಲ್ಲೇ ಕೂತಿರುತ್ತಾನೆ. ಅಲ್ಲ, ಅವತ್ತು ಹಾಗೆ ಹೇಳಿರಲಿಲ್ಲವಲ್ಲ ಎಂಬ ಮಾತು ಗಂಟಲವರೆಗೆ ಬರುತ್ತದೆ. ಅವನು ನೀರು ಕುಡಿಯುತ್ತಾನೆ, ಅತ್ತೆಯ ಲೋಟಕ್ಕೂ ಬಗ್ಗಿಸುತ್ತಾನೆ, ಅವಳು ಮುಂದುವರಿಸುತ್ತಾಳೆ.